ಕುರಿ ಹಿಂದೆ ನಡೆಯುವವರಿಗೆ ಊರು ಯಾವುದು?

ಸಾಣಾಪುರ ಕೆರೆ ಎಂದು ನಾವು ಕರೆಯುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಲಾಶಯವನ್ನು. ಹರಿಗೋಲು ಹತ್ತಲು ಬಂದವರ ಕಾರುಗಳ ನಡುವೆ ಒಮ್ಮೊಮ್ಮೆ ಹಾಸಿಗೆ, ಒಲೆ ಎಲ್ಲವೂ ಇರುವ ಕ್ಯಾರವಾನ್ ಕೂಡ ನಿಂತಿರುತ್ತದೆ. ಹುಡುಗರು ಸುತ್ತುವರಿದು ಇಣುಕುತ್ತಾರೆ. ಅದರಾಚೆ, ಭತ್ತ ಕೊಯ್ದ ಗದ್ದೆಯಲ್ಲಿ ಇಳಿದಿರುವ ಇನ್ನೊಂದು ಸಂಚಾರಿ ಮನೆಯತ್ತ ಯಾರ ಕಣ್ಣೂ ಹೋಗುವುದಿಲ್ಲ. ಕುದುರೆಯ ಬೆನ್ನಿನಿಂದ ಇಳಿಸಿದ ಪಾತ್ರೆ, ಕಂಬಳಿ, ಇನ್ನೂ ನಡೆಯಲಾರದ ಎಳೆಮರಿಗಳು, ಕಾಲು ಕಟ್ಟಿದ ಎರಡು ಕೋಳಿ, ಬಲೆಯೊಳಗೆ ಕೂಡಿಸಿದ ಹಿಂಡು. ಕುಷ್ಟಗಿ, ಯಲಬುರ್ಗಾ ಕಡೆ ಮೇವು ಬತ್ತಿದಾಗ ಕುರಿಗಾಹಿಗಳು ಗಂಗಾವತಿಯ ನೀರಾವರಿ ಸೀಮೆಗೆ ಇಳಿಯುತ್ತಾರೆ. ರಾತ್ರಿ ಹಿಂಡು ನಿಂತ ಗದ್ದೆಗೆ ಗೊಬ್ಬರ ಸಿಗುತ್ತದೆ, ಕುರಿಯವರಿಗೆ ಕಾಳೋ ಕಾಸೋ ಸಿಗುತ್ತದೆ.

ಅವರಲ್ಲಿ ಹಿರಿಯರೊಬ್ಬರನ್ನು ನಿಮ್ಮೂರು ಯಾವುದು ಎಂದು ಕೇಳಿದೆ. "ಕುಷ್ಟಗಿ ಕಡೆ ರೀ ಸರ. ಅಲ್ಲಿ ಮನಿ ಐತಿ, ನಾವಿಲ್ಲ. ಇಲ್ಲಿ ನಾವದೀವಿ, ಮನಿ ಇಲ್ಲ" ಅಂದರು. ಗಂಟು ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ರೇಷನ್ ಕಾರ್ಡು, ಆಧಾರ್, ವೋಟರ್ ಕಾರ್ಡು. ಮೂರರಲ್ಲೂ ಬೀಗ ಹಾಕಿದ ಆ ಮನೆಯದೇ ವಿಳಾಸ.

ಅಮೆರಿಕದಲ್ಲಿ ಆ ಕ್ಯಾರವಾನಿನಂಥ ಗಾಡಿಮನೆಯಲ್ಲೇ ಬಾಳುವವರು ಆದಾಯ ತೆರಿಗೆ ಇಲ್ಲದ ಸೌತ್ ಡಕೋಟ, ಟೆಕ್ಸಾಸ್, ಫ್ಲೋರಿಡಾದಂಥ ರಾಜ್ಯಗಳನ್ನು ಕಾನೂನಿನ ಊರಾಗಿ ಆರಿಸಿಕೊಳ್ಳುತ್ತಾರೆ. ನಮ್ಮ ಕುರಿಗಾಹಿಗೆ ತೆರಿಗೆಯ ಚಿಂತೆ ಇಲ್ಲ. ಅಕ್ಕಿ, ವೋಟು, ಮಕ್ಕಳ ಸರ್ಟಿಫಿಕೇಟು ಇವೇ ಅವನ ಲೆಕ್ಕ. ಹಾಗಾದರೆ ಆ ವಿಳಾಸ ಹುಟ್ಟೂರಲ್ಲೇ ಇರಲೋ, ಮಂದೆ ನಿಲ್ಲುವ ಸೀಮೆಗೆ ಬದಲಾಗಲೋ?

ಪರ: ಹುಟ್ಟೂರಲ್ಲೇ ಇರಲಿ

1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ ಸ್ಪಷ್ಟವಾಗಿದೆ. ತಾತ್ಕಾಲಿಕವಾಗಿ ಊರಲ್ಲಿ ಇಲ್ಲದ ಮಾತ್ರಕ್ಕೆ ಯಾರೂ ಅಲ್ಲಿನ ವಾಸಿಯಲ್ಲ ಎನಿಸಿಕೊಳ್ಳುವುದಿಲ್ಲ. ಕುರಿಯವರು ಊರು ತೊರೆದವರೇನಲ್ಲ. ಮಳೆ ಬಿದ್ದು ಅಡವಿ ಹಸಿರಾದರೆ ಹಿಂಡು ತಾನಾಗಿ ಊರ ಕಡೆ ತಿರುಗುತ್ತದೆ. ಎಷ್ಟೋ ಕುಟುಂಬಗಳ ಅಜ್ಜಿ, ಶಾಲೆಗೆ ಹೋಗುವ ಮಕ್ಕಳು, ಮನೆದೇವರು ಎಲ್ಲ ಅಲ್ಲೇ.

ಅಕ್ಕಿಗಾಗಿ ವಿಳಾಸ ಬದಲಿಸಬೇಕಿದ್ದ ಕಾಲ ಹೋಯಿತು. ಒಂದು ದೇಶ ಒಂದು ರೇಷನ್ ಕಾರ್ಡು ವ್ಯವಸ್ಥೆ ಕರ್ನಾಟಕಕ್ಕೆ 2020ರಲ್ಲಿ ಬಂತು, 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಹಬ್ಬಿತು. ಕುಷ್ಟಗಿಯ ಕಾರ್ಡಿಗೆ ಗಂಗಾವತಿ ತಾಲ್ಲೂಕಿನ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಬಹುದು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬ್ಯಾಂಕಿಗೆ ಬೀಳುತ್ತದೆ, ಬ್ಯಾಂಕಿಗೆ ನೀವು ಯಾವ ಗದ್ದೆಯಲ್ಲಿದ್ದೀರಿ ಎಂಬುದು ಬೇಕಿಲ್ಲ.

ಎಲ್ಲಕ್ಕಿಂತ ತೂಕದ ಮಾತು 371(ಜೆ). ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಕುಷ್ಟಗಿ ಇರುವ ಕೊಪ್ಪಳ ಜಿಲ್ಲೆಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುತ್ತದೆ. ಅದು ನೋಡುವುದು ಎರಡನ್ನು: ಹುಟ್ಟಿದ್ದೆಲ್ಲಿ, ವಾಸ ಎಲ್ಲಿ. ಈಗ ಕುರಿಯವರ ಮಗುವನ್ನು ನೆನೆಸಿಕೊಳ್ಳಿ. ಹಿಂಡು ಗದಗ ದಾಟಿ ಹಾವೇರಿ ಕಡೆ ಹೋದಾಗ ಹೆರಿಗೆಯಾಯಿತು. ಜನನ ನೋಂದಣಿ ಆಗುವುದು ಹುಟ್ಟಿದ ಸ್ಥಳದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹಾಗೆ. ಅದರ ಮೇಲೆ 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಗದಗ, ಹಾವೇರಿ ಎರಡೂ 371(ಜೆ) ಆಚೆಗಿನ ಜಿಲ್ಲೆಗಳು. ಆ ಮಗುವನ್ನು ಕೊಪ್ಪಳಕ್ಕೆ ಕಟ್ಟುವ ಹಗ್ಗ ಒಂದೇ, ಅಪ್ಪ ಅವ್ವನ ದಾಖಲೆಯಲ್ಲಿರುವ ಊರು. ಅದನ್ನೂ ಕತ್ತರಿಸಿದರೆ ಮುಂದೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಹತಾ ಪತ್ರ ಕೇಳುವಾಗ ಆ ಹುಡುಗ ಏನು ತೋರಿಸಬೇಕು?

ವಿರೋಧ: ನಿಂತ ನೆಲಕ್ಕೆ ಬದಲಾಗಲಿ

ಅದೇ 20ನೇ ಕಲಮಿನ ಮೊದಲ ಸಾಲನ್ನು ಪರವಾದಿಗಳು ಓದಲಿಲ್ಲ. ಒಂದೂರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಎನ್ನಲಾಗದು ಎಂದು ಅಲ್ಲಿದೆ. ಬೀಗಕ್ಕೆ ತುಕ್ಕು ಹಿಡಿದ ಮನೆಯನ್ನು ವಾಸದ ಮನೆ ಎಂದು ಎಷ್ಟು ವರ್ಷ ಹೇಳಿಕೊಳ್ಳುವುದು? ಮತಪಟ್ಟಿ ಪರಿಷ್ಕರಣೆಗೆ ಬಂದ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಎರಡು ಸಲ ಬಾಗಿಲು ತಟ್ಟಿ ಹೋದರೆ ಹೆಸರು ಉಳಿಯುವ ಭರವಸೆ ಯಾರು ಕೊಡುತ್ತಾರೆ?

ಹೆಸರು ಉಳಿದರೂ ವೋಟು ಹಾಕುವುದು ಹೇಗೆ? ಗುಳೆ ಹೋದವರನ್ನು ಕರೆತರಲು ಚುನಾವಣೆಯಲ್ಲಿ ಬಸ್ಸು, ಕ್ರೂಸರ್ ಗೊತ್ತುಮಾಡುತ್ತಾರೆ. ಕುರಿಯವನು ಹಿಂಡನ್ನು ಯಾರ ಕೈಗೆ ಕೊಟ್ಟು ಬಸ್ಸು ಹತ್ತಬೇಕು? ಮನೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬಲೆಯ ಬಳಿ ಕೂರಲೇಬೇಕು.

ಸಂಕಟವೆಲ್ಲ ನಿಂತ ನೆಲದಲ್ಲೇ. ರಾತ್ರಿ ನಾಲ್ಕು ಟಗರು ಕದ್ದು ಹೋದವು, ಲಾರಿ ಹಾಯ್ದು ಹತ್ತು ಕುರಿ ಸತ್ತವು, ಔಷಧಿ ಹೊಡೆದ ಬೆಳೆಯ ಬದು ಮೇಯ್ದು ಹೊಟ್ಟೆಯುಬ್ಬಿದವು. ಅನುಗ್ರಹ ಯೋಜನೆಯಲ್ಲಿ ದೊಡ್ಡ ಕುರಿ ಸತ್ತರೆ 7,500 ರೂಪಾಯಿ ಪರಿಹಾರವಿದೆ, ಆದರೆ ಮೊದಲು ಅಲ್ಲಿಯ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು. ಹೊರಗಿನವರು ಎನಿಸಿಕೊಂಡವರ ಫೋನಿಗೆ ವೈದ್ಯರ ಬೈಕು ಎಷ್ಟು ಬೇಗ ಹೊರಡುತ್ತದೆ ಎಂಬುದನ್ನು ಹಳ್ಳಿಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ, ಕೃತ್ಯ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು ಎನ್ನುತ್ತದೆ. ಠಾಣೆಯ ಮೆಟ್ಟಿಲು ಹತ್ತಲು ಜೊತೆಗೆ ಊರವರೊಬ್ಬರು ಬೇಕು ಎಂಬುದು ಮಾತ್ರ ಯಾವ ಸಂಹಿತೆಯಲ್ಲೂ ಬರೆದಿಲ್ಲ. ವೋಟಿದ್ದವನ ಜೊತೆ ಪಂಚಾಯಿತಿ ಸದಸ್ಯ ಬರುತ್ತಾನೆ.

ಕುಷ್ಟಗಿಯಿಂದ ಸಾಣಾಪುರಕ್ಕೆ ಹೆಸರು ಬಂದರೆ 371(ಜೆ) ಏನೂ ಕಳೆದುಹೋಗುವುದಿಲ್ಲ, ಎರಡೂ ಕೊಪ್ಪಳ ಜಿಲ್ಲೆಯವೇ. ಲೋಕಸಭಾ ಕ್ಷೇತ್ರ ಕೂಡ ಬದಲಾಗದು. ಬದಲಾಗುವುದು ಶಾಸಕರು ಮತ್ತು ಪಂಚಾಯಿತಿ, ಅಂದರೆ ದಿನನಿತ್ಯ ಬೇಕಾದವರು.

ಫ್ರಾನ್ಸಿನಲ್ಲೂ ಅಲೆಮಾರಿಗಳನ್ನು ಒಂದು ಊರಿಗೆ ಕಟ್ಟಿದ್ದರು. ಅಲ್ಲಿನ 1969ರ ಕಾಯ್ದೆಯಂತೆ ಆ ಊರಿನ ಹೆಸರಲ್ಲಿ 3 ವರ್ಷ ಇದ್ದ ಮೇಲಷ್ಟೇ ವೋಟು. 2012ರಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಆ ಷರತ್ತನ್ನು ಹೊಡೆದುಹಾಕಿತು, 2017ರಲ್ಲಿ ಆ ವ್ಯವಸ್ಥೆಯೇ ಹೋಯಿತು.

ನನಗೆ ಕಂಡದ್ದು

ವಿರೋಧದ ವಾದ ನನ್ನನ್ನು ಅರ್ಧ ಒಲಿಸಿಕೊಂಡಿತು. ಎಡವುವುದು ಒಂದೇ ಕಡೆ: ಸಾಣಾಪುರವೂ ಅವರಿಗೆ ನಿಲ್ದಾಣವೇ. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟರೆ ಗದ್ದೆ ಖಾಲಿ ಇರುವುದು ಕೆಲವೇ ವಾರ. ಆಮೇಲೆ ಹಿಂಡು ಏಳಲೇಬೇಕು. ಅಣೆಕಟ್ಟೆಯ ಗೇಟು ನಿರ್ಧರಿಸುವ ವಾಸಸ್ಥಳವನ್ನು ಕಾಯಂ ವಿಳಾಸ ಎಂದು ಬರೆಸಿದರೆ ಮುಂದಿನ ವರ್ಷ ಅದೂ ಬೀಗ ಹಾಕಿದ ಮನೆಯೇ, ಮನೆಯೂ ಇಲ್ಲದ ಬೀಗ. ಹಾಗಾಗಿ ಹುಟ್ಟೂರಿನ ವಿಳಾಸ ಬಿಡಬೇಡಿ ಎಂಬುದೇ ನನ್ನ ಮಾತು. ಒಂದು ಕಾರ್ಡು ಅಲ್ಲಿ, ಇನ್ನೊಂದು ಇಲ್ಲಿ ಮಾಡಿಸಿ ಸಿಕ್ಕಿಬೀಳಬೇಡಿ. ಎರಡು ಕಡೆ ಮತಪಟ್ಟಿಯಲ್ಲಿರುವುದು ಕಾನೂನಿಗೆ ವಿರುದ್ಧ. ದಾರಿಯಲ್ಲಿ ಮಗು ಹುಟ್ಟಿದರೆ 21 ದಿನದೊಳಗೆ ಅಲ್ಲೇ ಬರೆಸಿ, ಕಾಯಂ ವಿಳಾಸದ ಜಾಗದಲ್ಲಿ ನಿಮ್ಮ ಊರಿನ ಹೆಸರನ್ನೇ ಹೇಳಿ.

ಸಾಣಾಪುರದಂಥ ಪಂಚಾಯಿತಿಗಳಿಗೂ ಒಂದು ಬಿನ್ನಹ. ಕೊಯ್ಲು ಮುಗಿದು ಹಿಂಡು ಇಳಿದ ವಾರ ಯಾರನ್ನಾದರೂ ಗದ್ದೆಗೆ ಕಳಿಸಿ. ಯಜಮಾನನ ಹೆಸರು, ಮೂಲ ಊರು, ಕುರಿ ಎಷ್ಟು, ಮಕ್ಕಳು ಎಷ್ಟು, ಫೋನ್ ನಂಬರು ಬರೆದುಕೊಂಡು ಒಂದು ಪ್ರತಿಯನ್ನು ಪಶು ಆಸ್ಪತ್ರೆಗೆ, ಒಂದನ್ನು ಠಾಣೆಗೆ ಕೊಡಿ. ಅದಕ್ಕೆ ಬೇಕಾಗುವುದು ನೂರು ಪುಟದ ಒಂದು ನೋಟ್‌ಬುಕ್ಕು.