ಅಮೆರಿಕದ ಪುಟ್ಟ ಕಾಲೇಜುಗಳು: ಹೇಳುವ ಶುಲ್ಕ, ಕೊಡುವ ಶುಲ್ಕ

2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3.31 ಲಕ್ಷ ದಾಟಿತು. ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂದ ವರ್ಷವದು. ಆದರೆ ಇವರಲ್ಲಿ ಪದವಿ ತರಗತಿಗಳಲ್ಲಿ ಇದ್ದವರು ಸುಮಾರು 36 ಸಾವಿರ ಮಾತ್ರ. ಉಳಿದವರಲ್ಲಿ ಬಹುಪಾಲು ಮಂದಿ ಸ್ನಾತಕೋತ್ತರ ಓದಿಗೆ ಸಾಲ ಮಾಡಿ ಹೋದವರು, ಇಲ್ಲವೇ ಓದು ಮುಗಿಸಿ ಅಲ್ಲಿಯೇ ತರಬೇತಿ ಕೆಲಸದಲ್ಲಿದ್ದವರು.

ಪದವಿಗೆ ಹೋಗುವವರು ಯಾಕಿಷ್ಟು ಕಡಿಮೆ? ನಾಲ್ಕು ವರ್ಷದ ಖರ್ಚು ಕೇಳಿದೊಡನೆ ಮಧ್ಯಮ ವರ್ಗದವರೂ ಹಿಂದೆ ಸರಿಯುತ್ತಾರೆ. ವಿಚಿತ್ರವೆಂದರೆ, ವಿದೇಶಿ ಮಕ್ಕಳಿಗೆ ಅಮೆರಿಕದಲ್ಲಿ ಈ ಪದವಿ ಹಂತದಲ್ಲೂ ದೊಡ್ಡ ಸಹಾಯಧನ ಸಿಗುವುದುಂಟು; ಅದರಲ್ಲೂ ಲಿಬರಲ್ ಆರ್ಟ್ಸ್ ಕಾಲೇಜುಗಳೆಂದು ಕರೆಯುವ ಪುಟ್ಟ ಸಂಸ್ಥೆಗಳಲ್ಲಿ. ಕಾಸರಗೋಡಿನ ಪ್ಲಸ್ ಟು, ಜತ್ತದ ಜೂನಿಯರ್ ಕಾಲೇಜು ಅಥವಾ ಆದೋನಿಯ ಇಂಟರ್ ಓದುತ್ತಿರುವ ನಮ್ಮ ಮಕ್ಕಳಿಗೆ ಈ ದಾರಿ ಇದೆಯೇ, ಅದರ ನಿಜವಾದ ಬೆಲೆ ಎಷ್ಟು ಎಂಬುದನ್ನು ನೋಡೋಣ.

ಹೆಸರು ಕೇಳಿ ಬಿ.ಎ. ಎನ್ನಬೇಡಿ

ಲಿಬರಲ್ ಆರ್ಟ್ಸ್ ಎಂದರೆ ಬರೀ ಕಲಾ ವಿಭಾಗವಲ್ಲ. ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಎಲ್ಲವೂ ಅಲ್ಲಿವೆ. ಮೊದಲ ಎರಡು ವರ್ಷ ಹಲವು ವಿಷಯ ಓದಿ, ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳುವುದು ಅಲ್ಲಿನ ರೂಢಿ. ಹೆಚ್ಚಿನ ಕಾಲೇಜುಗಳಲ್ಲಿ ಒಟ್ಟು ವಿದ್ಯಾರ್ಥಿಗಳೇ ಎರಡು, ಮೂರು ಸಾವಿರ. ಸ್ನಾತಕೋತ್ತರ ವಿಭಾಗ ಇರುವುದು ಅಪರೂಪವಾದ್ದರಿಂದ ಪ್ರಾಧ್ಯಾಪಕರ ಗಮನವೆಲ್ಲ ಪದವಿ ಮಕ್ಕಳ ಮೇಲೆ. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗಿಗೆ ನೂರಾರು ಜನರ ಸಭಾಂಗಣಕ್ಕಿಂತ ಇಪ್ಪತ್ತು ಜನರ ತರಗತಿ ಅನುಕೂಲವೇ.

ಹಣ ಬರುವ ಮೂರು ದಾರಿ

ಮೊದಲನೆಯದು, ಕುಟುಂಬದ ಸ್ಥಿತಿ ನೋಡಿ ಕೊಡುವ ಸಹಾಯ. ಮನೆಯವರು ಎಷ್ಟು ಕೊಡಬಲ್ಲರು ಎಂದು ಕಾಲೇಜು ಲೆಕ್ಕ ಹಾಕಿ, ಉಳಿದದ್ದನ್ನು ತಾನೇ ತುಂಬಿಕೊಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್, ಮೇನ್ ರಾಜ್ಯದ ಬೋಡನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ಮಕ್ಕಳ ಅರ್ಜಿಯನ್ನೂ ಹಣದ ಸ್ಥಿತಿ ನೋಡದೆಯೇ ತೀರ್ಮಾನಿಸುತ್ತವೆ. ಸ್ವಾರ್ತ್‌ಮೋರ್, ಮಕ್ಯಾಲೆಸ್ಟರ್, ಹೆಣ್ಣುಮಕ್ಕಳ ಮೌಂಟ್ ಹೋಲಿಯೋಕ್ ಮೊದಲಾದವು ಪ್ರವೇಶ ಕೊಟ್ಟರೆ ಪೂರ್ತಿ ಕೊರತೆ ತುಂಬುತ್ತವೆ, ಆದರೆ ಪ್ರವೇಶ ಕೊಡುವಾಗ ಎಷ್ಟು ಹಣ ಬೇಕಾಗುತ್ತದೆ ಎಂಬುದನ್ನೂ ಗಮನಿಸುತ್ತವೆ. ಸ್ಪರ್ಧೆ ಕಠಿಣ. ಆಮ್‌ಹರ್ಸ್ಟ್, ಬೋಡನ್‌ಗಳಲ್ಲಿ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಹತ್ತು ಜನರಿಗೂ ಸೀಟು ಸಿಗುವುದು ಕಷ್ಟ.

ಎರಡನೆಯದು, ಅಂಕ ಮತ್ತು ಸಾಧನೆ ನೋಡಿ ಕೊಡುವ ರಿಯಾಯಿತಿ. ಅಷ್ಟೇನೂ ಹೆಸರಿಲ್ಲದ ಕಾಲೇಜುಗಳು ಇದನ್ನು ಧಾರಾಳವಾಗಿ ಕೊಡುತ್ತವೆ. ಅಮೆರಿಕದ ಖಾಸಗಿ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಬೋಧನಾ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ಕಡಿತವಾಗುತ್ತಿದೆ. ಹಾಗಾಗಿ ಬೋರ್ಡಿನ ಮೇಲಿನ ಬೆಲೆ ಬಹಳ ಜನ ಕೊಡುವ ಬೆಲೆಯಲ್ಲ.

ಮೂರನೆಯದು, ಬೋಧನಾ ಶುಲ್ಕವನ್ನೇ ಪಡೆಯದ ಕಾಲೇಜು. ಕೆಂಟಕಿಯ ಬೆರಿಯಾ ಕಾಲೇಜು 1855ರಲ್ಲಿ ಶುರುವಾದದ್ದು. 1892ರಿಂದ ಬೋಧನಾ ಶುಲ್ಕ ಪಡೆದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲೇ ಕೆಲಸ ಮಾಡಬೇಕು. ಅನುಕೂಲವಿಲ್ಲದ ಮನೆಯ ಮಕ್ಕಳಿಗೆಂದೇ ಇರುವ ಕಾಲೇಜಿದು. ವಿದೇಶದಿಂದ ತೆಗೆದುಕೊಳ್ಳುವುದು ವರ್ಷಕ್ಕೆ ಕೆಲವರನ್ನೇ.

ಅಗ್ಗದ್ದು ದುಬಾರಿಯಾಗುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯಲಿಕ್ಕಷ್ಟೇ. ಮೊದಲ ಕಾಲೇಜಿನ ಒಟ್ಟು ವಾರ್ಷಿಕ ಖರ್ಚು 88,000 ಡಾಲರ್. ಎರಡನೆಯದರಲ್ಲಿ 52,000 ಡಾಲರ್. ಮೊದಲನೆಯದು ನಿಮ್ಮಿಂದ ವರ್ಷಕ್ಕೆ 2,000 ಡಾಲರ್ ಸಾಧ್ಯವೆಂದು ಒಪ್ಪಿ ಉಳಿದದ್ದನ್ನು ಕೊಡುತ್ತದೆ. ಎರಡನೆಯದು 25,000 ಡಾಲರಿನ ಸ್ಕಾಲರ್‌ಶಿಪ್ ಪತ್ರ ಕಳಿಸುತ್ತದೆ. ಮನೆಯಲ್ಲಿ ಸಿಹಿ ಹಂಚುವುದು ಎರಡನೆಯದಕ್ಕೆ! ಡಾಲರಿಗೆ 85 ರೂಪಾಯಿ ಹಿಡಿದರೂ ಮೊದಲನೆಯದಕ್ಕೆ ವರ್ಷಕ್ಕೆ 1.70 ಲಕ್ಷ ರೂಪಾಯಿ ಸಾಕು. ಎರಡನೆಯದಕ್ಕೆ ಸುಮಾರು 23 ಲಕ್ಷ, ನಾಲ್ಕು ವರ್ಷಕ್ಕೆ 92 ಲಕ್ಷ ಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಎಷ್ಟು ಸ್ಕಾಲರ್‌ಶಿಪ್ ಬಂತು' ಅಲ್ಲ, 'ಎಲ್ಲ ಕಳೆದು ನಾವು ಕೊಡಬೇಕಾದದ್ದು ಎಷ್ಟು'. ಊಟ, ವಸತಿ, ಆರೋಗ್ಯ ವಿಮೆ, ವಿಮಾನದ ಟಿಕೆಟ್ ಸೇರಿದೆಯೇ, ಶುಲ್ಕ ಏರಿದರೆ ಸಹಾಯವೂ ಏರುತ್ತದೆಯೇ ಎಂಬುದನ್ನೂ ಕೇಳಿ.

ಏಜೆಂಟರ ವಿಷಯ ಇಲ್ಲಿಯೇ ಬರುತ್ತದೆ. ಸ್ವದೇಶದ ವಿದ್ಯಾರ್ಥಿಗಳನ್ನು ತಲೆಗಿಷ್ಟು ಕಮಿಷನ್ ಕೊಟ್ಟು ಸೇರಿಸಿಕೊಳ್ಳುವುದನ್ನು ಅಮೆರಿಕದ ಕಾನೂನು ತಡೆಯುತ್ತದೆ. ಹೊರದೇಶದವರ ವಿಷಯದಲ್ಲಿ ಆ ತಡೆ ಇಲ್ಲ. ನಗರದ ಸಲಹಾ ಕಚೇರಿ ತೋರಿಸುವ ಪಟ್ಟಿ ನಿಮ್ಮ ಮಗುವಿಗೆ ಸರಿಯಾದದ್ದೋ, ಕಚೇರಿಗೆ ಕಮಿಷನ್ ತರುವಂಥದ್ದೋ ಎಂದು ವಿಚಾರಿಸಿ. ಅಮೆರಿಕ ಸರ್ಕಾರದ ಎಜುಕೇಶನ್ ಯುಎಸ್‌ಎ ಸಲಹಾ ಜಾಲದ ಕೇಂದ್ರಗಳು ಚೆನ್ನೈ, ಹೈದರಾಬಾದ್, ಮುಂಬೈ, ಬೆಂಗಳೂರುಗಳಲ್ಲಿವೆ. ಅವು ಯಾವ ಕಾಲೇಜಿನ ಪರವೂ ಅಲ್ಲ.

ಬಾಗಿಲು ಮುಚ್ಚುವ ಕಾಲೇಜುಗಳು

ಅಮೆರಿಕದಲ್ಲಿ ಜನನ ಪ್ರಮಾಣ 2007ರ ನಂತರ ಇಳಿಯಿತು. ಅಂದರೆ ಕಾಲೇಜು ವಯಸ್ಸಿನ ಮಕ್ಕಳು ಈಗಿನಿಂದ ವರ್ಷ ವರ್ಷ ಕಡಿಮೆಯಾಗುತ್ತಾರೆ. ಇದರ ಪೆಟ್ಟು ಮೊದಲು ಬೀಳುವುದು ಸಣ್ಣ ಕಾಲೇಜುಗಳ ಮೇಲೆ. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು, ಅಲಬಾಮದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2024ರಲ್ಲಿ ಮುಚ್ಚಿದವು. ಎರಡಕ್ಕೂ ನೂರೈವತ್ತು ವರ್ಷಕ್ಕಿಂತ ಹೆಚ್ಚಿನ ಇತಿಹಾಸವಿತ್ತು. ಬಹಳ ರಿಯಾಯಿತಿ ಕೊಡುವ ಕಾಲೇಜೆಲ್ಲ ಮುಳುಗುತ್ತಿದೆ ಎಂದಲ್ಲ. ಆದರೆ ವಿದ್ಯಾರ್ಥಿಗಳ ಸಂಖ್ಯೆ ಸತತವಾಗಿ ಇಳಿಯುತ್ತಿದೆಯೇ, ವಿಭಾಗಗಳನ್ನು ಮುಚ್ಚುತ್ತಿದ್ದಾರೆಯೇ, ಮಾನ್ಯತೆ ಕೊಡುವ ಸಂಸ್ಥೆ ಎಚ್ಚರಿಕೆ ಕೊಟ್ಟಿದೆಯೇ ಎಂದು ನೋಡದೆ ಹಣ ಕಟ್ಟಬಾರದು.

ಇದಕ್ಕೆ ಎದುರಾದ ಒಂದು ಬೆಳವಣಿಗೆಯೂ ಇದೆ. 2025ರ ಜುಲೈನಲ್ಲಿ ಬಂದ ಹೊಸ ಕಾನೂನು ದೊಡ್ಡ ನಿಧಿ ಇರುವ ವಿಶ್ವವಿದ್ಯಾಲಯಗಳ ಹೂಡಿಕೆ ಆದಾಯದ ಮೇಲಿನ ತೆರಿಗೆಯನ್ನು ಶೇ 8ರವರೆಗೆ ಏರಿಸಿತು. ಆದರೆ 3,000ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಸಂಸ್ಥೆಗಳನ್ನು ಹೊರಗಿಟ್ಟಿತು. ಹಣವಿರುವ ಪುಟ್ಟ ಕಾಲೇಜುಗಳ ಸಹಾಯನಿಧಿಗೆ ಈ ಕಡೆಯಿಂದ ಸದ್ಯಕ್ಕೆ ಧಕ್ಕೆಯಿಲ್ಲ.

ಕನ್ನಡ ಮಾಧ್ಯಮದ ಮಗುವಿಗೆ ಏನೇನು ಬೇಕು

ಪೂರ್ತಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಹಲವು ಕಾಲೇಜುಗಳು ಭಾಷಾ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತವೆ. ಹತ್ತರವರೆಗೆ ಕನ್ನಡದಲ್ಲಿ ಓದಿದವರು ಆ ವಿನಾಯಿತಿಯನ್ನು ನಂಬಿ ಕೂರದೆ ಟೋಫೆಲ್, ಐಇಎಲ್‌ಟಿಎಸ್ ಅಥವಾ ಡುಯೊಲಿಂಗೊ ಪರೀಕ್ಷೆಗೆ ತಯಾರಾಗಬೇಕು. ಮೂರನೆಯದನ್ನು ಮನೆಯಲ್ಲೇ ಬರೆಯಬಹುದು, ಶುಲ್ಕವೂ ಕಡಿಮೆ. ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗಿನ ಅಂಕಗಳನ್ನು ಕೇಳುತ್ತವೆ; ಒಂಬತ್ತನೆಯ ತರಗತಿಯ ಪ್ರಗತಿಪತ್ರವನ್ನು ಎಸೆದುಬಿಡಬೇಡಿ.

ಶಿಕ್ಷಕರ ಶಿಫಾರಸು ಪತ್ರಕ್ಕೆ ಅಲ್ಲಿ ಬಹಳ ಬೆಲೆ. 'ವಿಧೇಯ ವಿದ್ಯಾರ್ಥಿ, ಸನ್ನಡತೆಯವನು' ಎಂಬ ಎರಡು ಸಾಲಿನ ಸರ್ಟಿಫಿಕೇಟ್ ಸಾಲದು. ಮಗು ಯಾವ ಪ್ರಶ್ನೆ ಕೇಳಿತು, ಯಾವ ತೊಂದರೆಯ ನಡುವೆ ಓದಿತು ಎಂಬುದನ್ನು ಮೇಷ್ಟ್ರು ಬರೆಯಬೇಕು. ಅವರು ಕನ್ನಡದಲ್ಲಿ ಬರೆದರೆ ಮೂಲದ ಜೊತೆ ಇಂಗ್ಲಿಷ್ ಅನುವಾದ ಇಡಬಹುದೇ ಎಂದು ಕಾಲೇಜನ್ನೇ ಕೇಳಿ. ಗಡಿಯ ಶಾಲೆಯಲ್ಲಿ ಮನೆಯಲ್ಲೊಂದು, ಕಚೇರಿಯಲ್ಲೊಂದು, ಪುಸ್ತಕದಲ್ಲೊಂದು ಭಾಷೆಯೊಡನೆ ಬೆಳೆದದ್ದು ಮಗು ಪ್ರಬಂಧದಲ್ಲಿ ಬರೆಯಬಹುದಾದ ಸಂಗತಿ. ಅದನ್ನು ಕೊರತೆಯೆಂದು ಮುಚ್ಚಿಡಬೇಕಿಲ್ಲ.

ಸಹಾಯಧನಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯನ್ನು ಹಲವು ಕಾಲೇಜುಗಳು ಕೇಳುತ್ತವೆ. ಆದಾಯ, ಜಮೀನು, ಮನೆ, ಸಾಲ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ವಿಲೇಜ್ ಆಫೀಸಿನಿಂದ ಮಲಯಾಳದಲ್ಲಿ, ತಲಾಠಿಯಿಂದ ಮರಾಠಿಯಲ್ಲಿ ಬಂದ ಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಸುಳ್ಳು ಆದಾಯ ಪತ್ರ ಕೊಟ್ಟರೆ ಸೀಟು ಹೋಗುತ್ತದೆ, ವೀಸಾಕ್ಕೂ ಕುತ್ತು. ಅರ್ಜಿ ಶುಲ್ಕ ಕಟ್ಟಲಾಗದಿದ್ದರೆ ವಿನಾಯಿತಿ ಕೇಳಿ ಕಾಲೇಜಿಗೆ ನೇರವಾಗಿ ಬರೆಯಬಹುದು. ಒಂದು ಮಾತು ಮರೆಯಬೇಡಿ: ಮೊದಲು ಸೇರಿಕೊಂಡು ಆಮೇಲೆ ಸಹಾಯ ಕೇಳೋಣ ಎಂಬುದು ವಿದೇಶಿ ಮಕ್ಕಳ ವಿಷಯದಲ್ಲಿ ಬಹಳ ಕಡೆ ನಡೆಯುವುದಿಲ್ಲ. ಅರ್ಜಿಯ ಜೊತೆಯಲ್ಲೇ ಕೇಳಬೇಕು.

ವೀಸಾ ಮತ್ತು ಸಾಲ

ಪೂರ್ತಿ ಸಹಾಯ ಸಿಕ್ಕರೂ ವೀಸಾ ಅರ್ಜಿಗೆ 185 ಡಾಲರ್, ಸೆವಿಸ್ ನೋಂದಣಿಗೆ 350 ಡಾಲರ್, ಒಟ್ಟು ಸುಮಾರು 45 ಸಾವಿರ ರೂಪಾಯಿ ಕೈಯಿಂದ ಹೋಗುತ್ತದೆ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೆಲ ವಾರ ನಿಲ್ಲಿಸಲಾಗಿತ್ತು. ಜೂನ್‌ನಲ್ಲಿ ಮತ್ತೆ ಶುರುವಾದಾಗ ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನು ತೆರೆದಿಡಬೇಕೆಂಬ ನಿಯಮ ಬಂತು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. 'ಅಲ್ಲೇ ಕೆಲಸ ಹಿಡಿದು ಸಾಲ ತೀರಿಸುತ್ತಾನೆ' ಎಂಬ ಲೆಕ್ಕಾಚಾರ ಈಗ ಮೊದಲಿನಷ್ಟು ಗಟ್ಟಿಯಲ್ಲ. ಓದುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆವರೆಗೆ ದುಡಿಯಬಹುದು, ಆದರೆ ಅದು ಕೈಖರ್ಚಿಗೆ ಆದೀತೇ ಹೊರತು ಶುಲ್ಕಕ್ಕಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ, ಪದವಿಗಲ್ಲ. ಹೀಗಾಗಿ ಗದ್ದೆ ಅಡವಿಟ್ಟು ಹೋಗುವ ದಾರಿ ಇದಲ್ಲ. ಕಾಲೇಜೇ ಬಹುಪಾಲು ಕೊಟ್ಟರೆ ಹೋಗಬೇಕು, ಇಲ್ಲದಿದ್ದರೆ ಬಿಡಬೇಕು.

ಹತ್ತಿರದ ಬಾಗಿಲುಗಳು

ಹತ್ತನೆಯ ತರಗತಿ ಮುಗಿಸುತ್ತಿರುವವರಿಗೆ ಇನ್ನೊಂದು ದಾರಿ ಪುಣೆ ಬಳಿಯ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜು. ಅಲ್ಲಿ ಎರಡು ವರ್ಷ ಓದಲು ಕುಟುಂಬದ ಸ್ಥಿತಿ ನೋಡಿ ವಿದ್ಯಾರ್ಥಿವೇತನ ಸಿಗುತ್ತದೆ. ಅಲ್ಲಿಂದ ಹೊರಬಂದವರಿಗೆ ಅಮೆರಿಕದ ಅನೇಕ ಕಾಲೇಜುಗಳಲ್ಲಿ ಡೇವಿಸ್ ಸಹಾಯ ಯೋಜನೆಯ ಬೆಂಬಲವಿದೆ. ಇದೇ ಬಗೆಯ ಓದನ್ನು ಊರಿನ ಹತ್ತಿರ ಬಯಸುವವರಿಗೆ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಹೊಸೂರಿನವರಿಗೆ ಅದು ಪಕ್ಕದ ಊರು. ಅಲ್ಲಿಯೂ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುತ್ತಾರೆ.

ಮಗು ಈಗ ಹನ್ನೊಂದನೆಯ ತರಗತಿಯಲ್ಲಿದ್ದರೆ ಬೇಸಿಗೆ ರಜೆಯಲ್ಲಿ ಎಂಟು, ಹತ್ತು ಕಾಲೇಜುಗಳ ಪಟ್ಟಿ ಮಾಡಿ. ಹೆಚ್ಚಿನ ಅರ್ಜಿಗಳ ಗಡುವು ಹನ್ನೆರಡನೆಯ ತರಗತಿಯ ನವೆಂಬರ್ ಮತ್ತು ಜನವರಿಯ ನಡುವೆ. ನವೆಂಬರಿನ ಬೇಗನೆಯ ಅರ್ಜಿಗಳಲ್ಲಿ ಒಂದು ಬಗೆಯದು, ಸೀಟು ಸಿಕ್ಕರೆ ಸೇರಲೇಬೇಕೆಂಬ ಒಪ್ಪಂದ. ಓದದೆ ಸಹಿ ಹಾಕಬೇಡಿ. ಜೊತೆಗೆ ನಮ್ಮ ರಾಜ್ಯಗಳ ಪ್ರವೇಶ ಪರೀಕ್ಷೆಗಳ ಅರ್ಜಿಯನ್ನೂ ಹಾಕಿಡಿ. ಮಾರ್ಚ್ ಕೊನೆಯ ಹೊತ್ತಿಗೆ ಉತ್ತರಗಳು ಬಂದಾಗ, ಪ್ರತಿ ಪತ್ರದಲ್ಲೂ ಮನೆಯವರು ಕಟ್ಟಬೇಕಾದ ಮೊತ್ತವನ್ನು ರೂಪಾಯಿಗೆ ತಿರುಗಿಸಿ, ನಾಲ್ಕರಿಂದ ಗುಣಿಸಿ ಬರೆದು, ಮಗುವನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ.