ಅಧ್ಯಕ್ಷನ ಚುನಾವಣೆಯೂ ಅನುಯಾಯಿಯ ಹಕ್ಕೂ

ರಾಜಕೀಯ ಪಕ್ಷವೊಂದರ ಅಧ್ಯಕ್ಷ ಪದವಿಗೆ ಸ್ಪರ್ಧೆ ಬಂದಾಗಲೆಲ್ಲ ಒಂದು ಉಪದೇಶವು ತಪ್ಪದೆ ಕೇಳಿಬರುತ್ತದೆ. ಸ್ಪರ್ಧೆಯಿಂದ ಪಕ್ಷವು ಒಡೆಯುವುದಂತೆ. ಹಿರಿಯರು ಕೂಡಿ ಒಬ್ಬರನ್ನು ಗೊತ್ತುಮಾಡಿದ ಮೇಲೆ ಉಳಿದವರು ಸುಮ್ಮನೆ ಕೈಯೆತ್ತಬೇಕಂತೆ. ಸಂಡೂರು ತಾಲೂಕಿನ ಚೋರನೂರಿನಂತಹ ಹೋಬಳಿಯಲ್ಲಿ ಕುಳಿತ ಅನುಯಾಯಿಗೆ ದಿಲ್ಲಿಯ ಪೀಠದ ಚಿಂತೆಯು ಸಲ್ಲದಂತೆ. ಇದನ್ನು ಹೇಳುವವರು ಪಕ್ಷದ ವೈರಿಗಳಲ್ಲ, ಹಿತೈಷಿಗಳೇ. ಆದುದರಿಂದಲೇ ಇದಕ್ಕೆ ಉತ್ತರ ಕೊಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಈ ಉಪದೇಶವು ನ್ಯಾಯಕ್ಕೂ ವಿರುದ್ಧ, ಕನ್ನಡ ನಾಡಿನ ಅನುಭವಕ್ಕೂ ವಿರುದ್ಧ.

1939ರ ಜನವರಿಯನ್ನು ವಾಚಕರು ಸ್ಮರಿಸಬೇಕು. ಹಿಂದಿನ ವರ್ಷ ಹರಿಪುರದ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಪುನಃ ನಿಲ್ಲಲು ನಿಶ್ಚಯಿಸಿದರು. ಮೌಲಾನಾ ಆಜಾದರು ತಮ್ಮ ಹೆಸರನ್ನು ಹಿಂತೆಗೆದುಕೊಳ್ಳಲು, ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯನವರು ಎದುರಾಳಿಗಳಾಗಿ ಉಳಿದರು. ಬ್ರಿಟಿಷರ 1935ರ ಕಾಯಿದೆಯಲ್ಲಿದ್ದ ಸಂಯುಕ್ತ ರಾಜ್ಯದ ಯೋಜನೆಯೊಡನೆ ರಾಜಿಯಾಗುವ ಭಯವುಂಟೆಂದೂ, ಅದನ್ನು ಎದುರಿಸುವ ಗಟ್ಟಿಗನು ಪೀಠದಲ್ಲಿರಬೇಕೆಂದೂ ಬೋಸರ ವಾದ. ಸರ್ದಾರ ಪಟೇಲ, ರಾಜೇಂದ್ರ ಪ್ರಸಾದ, ಕೃಪಲಾನಿ ಮೊದಲಾಗಿ ಕಾರ್ಯಕಾರಿ ಸಮಿತಿಯ ಏಳು ಮಂದಿ ಸದಸ್ಯರು ಪಟ್ಟಾಭಿಯವರ ಪರವಾಗಿ ಹೇಳಿಕೆಯಿತ್ತು, ಬೋಸರು ಹಿಂದೆ ಸರಿಯಬೇಕೆಂದು ಸೂಚಿಸಿದರು. ಸಮಿತಿಯ ಸದಸ್ಯರೇ ಗುಂಪುಕಟ್ಟಿ ಒಬ್ಬರ ಪಕ್ಷ ವಹಿಸುವುದು ಸರಿಯೇ ಎಂದು ಬೋಸರು ಮರುಪ್ರಶ್ನೆ ಹಾಕಿದರು. ಜನವರಿ 29ರಂದು ಮತದಾನವಾಯಿತು. ಬೋಸರಿಗೆ 1,580, ಪಟ್ಟಾಭಿಯವರಿಗೆ 1,377. ಅಂತರವು ಕೇವಲ 203. ಕರ್ನಾಟಕ ಪ್ರಾಂತದ ಪ್ರತಿನಿಧಿಗಳಲ್ಲಿ ಬಹುಸಂಖ್ಯಾತರು ಬೋಸರಿಗೇ ಮತವಿತ್ತರು.

ಕರ್ನಾಟಕದ ಈ ಮತದ ಮೇಲೆ ಮೂರು ಆರೋಪಗಳನ್ನು ಹೊರಿಸಬಹುದು. ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಶಿಸ್ತಿನ ಆರೋಪ: ಸಮಿತಿಯ ಹಿರಿಯರು ಬೇರೊಬ್ಬರನ್ನು ಸೂಚಿಸಿದಾಗ ಪ್ರತಿನಿಧಿಗಳು ಅದನ್ನು ಮೀರಿದ್ದು ತಪ್ಪೆಂಬುದು. ಶಿಸ್ತು ಯಾವುದಕ್ಕೆ? ನಿರ್ಣಯವಾದ ಮೇಲೆ ಅದನ್ನು ಪಾಲಿಸುವುದಕ್ಕೆ ಶಿಸ್ತು. ನಿರ್ಣಯವೇ ಆಗುವ ಮುನ್ನ ಬಾಯಿ ಮುಚ್ಚುವುದಕ್ಕಲ್ಲ. ಅಂದಿನ ಕಾಂಗ್ರೆಸಿನ ನಿಯಮದಂತೆ ನಾಲ್ಕಾಣೆ ಚಂದಾ ಕೊಟ್ಟ ಪ್ರಾಥಮಿಕ ಸದಸ್ಯನು ಪ್ರತಿನಿಧಿಯನ್ನು ಆರಿಸುತ್ತಿದ್ದನು. ಆ ಪ್ರತಿನಿಧಿಯು ಅಧ್ಯಕ್ಷನನ್ನು ಆರಿಸುತ್ತಿದ್ದನು. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಆ ನಾಲ್ಕಾಣೆಯವನು ಬರೆದುಕೊಟ್ಟಿದ್ದು ವಕಾಲತ್ತನ್ನೇ ಹೊರತು ಕ್ರಯಪತ್ರವನ್ನಲ್ಲ. ವಕೀಲನು ಕಕ್ಷಿಗಾರನ ಮನೆಯನ್ನು ಮಾರಿಕೊಳ್ಳಲಾರನು.

ಎರಡನೆಯದು, ಮಹಾತ್ಮರ ಇಚ್ಛೆಗೆ ವಿರುದ್ಧವಾಗಿ ಮತವಿತ್ತರೆಂಬುದು. ಗಾಂಧೀಜಿಯವರು ಪಟ್ಟಾಭಿಯವರ ಸೋಲನ್ನು ತಮ್ಮ ಸೋಲೆಂದೇ ಬಗೆದದ್ದು ಮತದಾನವಾಗಿ ಎರಡು ದಿನಗಳ ಮೇಲೆ, ಜನವರಿ 31ರಂದು. ಮತವಿಟ್ಟವನಿಗೆ ಮುಂದೆ ಬರಲಿರುವ ಹೇಳಿಕೆಯ ಅರಿವು ಇರಬೇಕಿತ್ತೆಂದು ಯಾವ ನ್ಯಾಯವು ಹೇಳೀತು? ಅಲ್ಲದೆ ಗಾಂಧೀಜಿಯವರನ್ನು ಪೂಜ್ಯರೆಂದು ತಿಳಿದೂ ಬೋಸರಿಗೆ ಮತವೀಯುವುದು ಸಾಧ್ಯವಾಗಿತ್ತು. ಭಕ್ತಿ ಬೇರೆ, ಮತ ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಭಕ್ತಿಯೂ ಕೆಡುವುದು, ಮತವೂ ಕೆಡುವುದು.

ಮೂರನೆಯ ಆರೋಪವು ಕ್ಷುದ್ರವಾದುದು: ಪಟ್ಟಾಭಿಯವರು ಆಂಧ್ರರೆಂಬ ಕಾರಣಕ್ಕೆ ಕನ್ನಡಿಗರು ಅವರನ್ನು ಸೋಲಿಸಿದರೆಂಬುದು. ಬಂಗಾಳ ಪಂಜಾಬುಗಳ ಬಹುಮತವೂ ಬೋಸರದೇ ಆಗಿತ್ತು. ಅವರಿಗೆ ಆಂಧ್ರರೊಡನೆ ಯಾವ ಗಡಿಯ ವ್ಯಾಜ್ಯವಿತ್ತು? ನೆರೆಯವರ ಮೇಲಿನ ಅಸೂಯೆಯಿಂದ ಮತವಿಡುವಷ್ಟು ನಮ್ಮ ಜನರು ಕೀಳಾಗಿರಲಿಲ್ಲ. ಪಟ್ಟಾಭಿಯವರಿಗೆ ಮತವಿತ್ತ ಕನ್ನಡಿಗರೂ ಇದ್ದರು. ಅವರನ್ನು ದ್ರೋಹಿಗಳೆಂದು ಕರೆಯುವವರನ್ನೂ ನಾವು ಇಷ್ಟೇ ಖಂಡಿತವಾಗಿ ತಿರಸ್ಕರಿಸುತ್ತೇವೆ.

ಹಾಗಾದರೆ ತಪ್ಪಾದದ್ದೆಲ್ಲಿ? ಸ್ಪರ್ಧೆಯಲ್ಲಲ್ಲ, ಸ್ಪರ್ಧೆಯ ಫಲವನ್ನು ಸಹಿಸಲಾರದೆ ಹೋದದ್ದರಲ್ಲಿ. ಫೆಬ್ರುವರಿಯಲ್ಲಿ ಕಾರ್ಯಕಾರಿ ಸಮಿತಿಯ ಬಹುಮಂದಿ ರಾಜೀನಾಮೆಯಿತ್ತರು. ಮಾರ್ಚಿಯಲ್ಲಿ ತ್ರಿಪುರಿಯ ಅಧಿವೇಶನಕ್ಕೆ ಬೋಸರು ಜ್ವರಪೀಡಿತರಾಗಿಯೇ ಬಂದರು. ಗಾಂಧೀಜಿಯವರ ಇಚ್ಛೆಯಂತೆಯೇ ಅಧ್ಯಕ್ಷನು ಸಮಿತಿಯನ್ನು ನೇಮಿಸತಕ್ಕದ್ದೆಂಬ ಠರಾವನ್ನು ಗೋವಿಂದ ವಲ್ಲಭ ಪಂತರು ತಂದರು, ಅದು ಅಂಗೀಕೃತವಾಯಿತು. ಏಪ್ರಿಲ್ 29ರಂದು ಕಲ್ಕತ್ತೆಯಲ್ಲಿ ಬೋಸರು ಪದತ್ಯಾಗ ಮಾಡಿದರು. 1,580 ಮತಗಳು ಮೂರೇ ತಿಂಗಳಲ್ಲಿ ಬರಿಯ ಕಾಗದವಾದವು. ಸೋತವರು ಸೋಲನ್ನು ಒಪ್ಪಿ ಮುಂದಿನ ವರ್ಷ ಪುನಃ ನಿಂತಿದ್ದರೆ ಯಾವ ಪಕ್ಷವು ಒಡೆಯುತ್ತಿತ್ತು? ಮತವನ್ನು ಎಣಿಸಿದ್ದರಿಂದ ಯಾವ ಮನೆಯೂ ಮುರಿದಿಲ್ಲ. ಎಣಿಸಿದ ಮತವನ್ನು ಗಣನೆಗೆ ತಾರದಿದ್ದರೆ ಯಾವ ಮನೆಯೂ ನಿಂತಿಲ್ಲ.

ಇದರಿಂದ ಚೋರನೂರಿಗೇನಾಯಿತೆಂದು ಕೇಳುವವರು ಮುಂದಿನ ಕಥೆಯನ್ನು ಗಮನಿಸಬೇಕು. 1948ರಲ್ಲಿ ಅಧ್ಯಕ್ಷ ಪದವಿಗೆ ಪುನಃ ಜಿದ್ದಾಜಿದ್ದಿಯ ಸ್ಪರ್ಧೆಯಾಗಿ, ಪುರುಷೋತ್ತಮದಾಸ ಟಂಡನ್‌ರವರ 1,085 ಮತಗಳಿಗೆ ಎದುರಾಗಿ 1,199 ಮತಗಳಿಂದ ಪಟ್ಟಾಭಿಯವರೇ ಗೆದ್ದರು. ಭಾಷಾವಾರು ಪ್ರಾಂತಗಳಿಗಾಗಿ ಆಂಧ್ರದಲ್ಲಿ ದಶಕಗಳಿಂದ ದುಡಿದ ಮಹನೀಯರು ಅವರು. ಆ ವರ್ಷದ ಡಿಸೆಂಬರಿನಲ್ಲಿ ಜಯಪುರದ ಅಧಿವೇಶನವು ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯನ್ನು ನೇಮಿಸಿತು. 1949ರ ಏಪ್ರಿಲಿನಲ್ಲಿ ಹೊರಬಿದ್ದ ವರದಿಯು ಆಂಧ್ರ ಪ್ರಾಂತಕ್ಕೆ ಮಾತ್ರ ಬಾಗಿಲು ಸ್ವಲ್ಪ ತೆರೆದು, ಉಳಿದವುಗಳನ್ನು ಮುಂದೆ ದೂಡಿತು. 1920ರಲ್ಲಿ ನಾಗಪುರದಲ್ಲಿ ಭಾಷೆಗನುಸಾರವಾಗಿ ತನ್ನ ಪ್ರಾಂತಗಳನ್ನು ಹಂಚಿಕೊಂಡ ಕಾಂಗ್ರೆಸು, ಅಧಿಕಾರ ಕೈಗೆ ಬಂದೊಡನೆ ಕನ್ನಡಿಗನಿಗೆ ತಾಳ್ಮೆಯ ಪಾಠ ಹೇಳಿತು. ಮತ ಕೇಳಬಂದಾಗಲೇ ಅಭ್ಯರ್ಥಿಯಿಂದ ಈ ವಿಷಯದಲ್ಲಿ ಬರಹದ ಉತ್ತರವನ್ನು ಪಡೆದಿಟ್ಟುಕೊಳ್ಳಬೇಕಿತ್ತೆಂಬುದೇ ಇದರ ಪಾಠ. ಗೆದ್ದ ಮೇಲೆ ಕೇಳಿದ ಪ್ರಶ್ನೆಯು ಬೇಡಿಕೆಯಾಗುವುದು. ಮತಕ್ಕೆ ಮುಂಚೆ ಕೇಳಿದ ಪ್ರಶ್ನೆಯು ಕರಾರಾಗುವುದು.

ತಾಳ್ಮೆಗೆ ನಮ್ಮ ನಾಡು ತೆತ್ತ ಬೆಲೆ ಅಲ್ಪವಲ್ಲ. ಹೊಸಪೇಟೆ ಕಂಪ್ಲಿಗಳು ಮದರಾಸಿನ ಕೈಕೆಳಗೆ, ತುಂಗಭದ್ರೆಯ ಆಚೆಯ ದಡವು ನಿಜಾಮರ ಕೈಕೆಳಗೆ, ಸಂಡೂರು ಪ್ರತ್ಯೇಕ ಸಂಸ್ಥಾನ: ಹಂಪೆಯ ಸುತ್ತಲಿನ ಕನ್ನಡಿಗರಿಗೇ ಮೂರು ಸರಕಾರಗಳು. 1949ರಲ್ಲಿ ಸಂಡೂರೂ ಮದರಾಸಿಗೇ ಸೇರಿತು. 1953ರ ಏಪ್ರಿಲಿನಲ್ಲಿ ಅದರಗುಂಚಿ ಶಂಕರಗೌಡರ ಉಪವಾಸವೂ ಹುಬ್ಬಳ್ಳಿಯಲ್ಲಿ ಜನರು ತಮ್ಮ ನಾಯಕರ ಮೇಲೆಯೇ ಸಿಟ್ಟಿಗೆದ್ದದ್ದೂ ಆದ ಮೇಲೆ ನಮ್ಮ ಮುಖಂಡರ ನಾಲಗೆಗಳು ಸಡಿಲವಾದವು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರಿಗೆ ಬಂದವು; ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅಷ್ಟಕ್ಕೂ ಕಷ್ಟ ತೀರಲಿಲ್ಲ. 1955ರಲ್ಲಿ ಫಜಲ್ ಅಲಿ ಆಯೋಗವು ತುಂಗಭದ್ರಾ ಯೋಜನೆಯ ನೆಪದಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಕನ್ನಡಿಗರು ಒಕ್ಕೊರಲಿನಿಂದ ಪ್ರತಿಭಟಿಸಿದ್ದರಿಂದ ಆ ಸಲಹೆಯು ಬಿದ್ದುಹೋಗಿ, 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅಂದು ಎಲ್ಲರೂ ಹಿರಿಯರ ಮಾತಿಗೆ ಕೈಯೆತ್ತಿ ಸುಮ್ಮನಿದ್ದಿದ್ದರೆ ಹೊಸಪೇಟೆಯ ಶಾಲೆಗಳಲ್ಲಿ ಇಂದು ಯಾವ ಭಾಷೆಯ ಪಾಠ ನಡೆಯುತ್ತಿದ್ದಿತೆಂಬುದನ್ನು ಉಪಾಧ್ಯಾಯ ವಾಚಕರೇ ಯೋಚಿಸಲಿ.

1969ರ ರಾಷ್ಟ್ರಪತಿ ಚುನಾವಣೆಯ ಕಾರಣದಿಂದಲೇ ಕಾಂಗ್ರೆಸು ಒಡೆಯಲಿಲ್ಲವೇ ಎಂದು ಎದುರುವಾದಿಗಳು ಕೇಳುವರು. ಒಡೆಯಿತು, ಆದರೆ ಹೇಗೆ? ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಕೂಡಿದ ಪಾರ್ಲಿಮೆಂಟರಿ ಮಂಡಳಿಯ ಬೆರಳೆಣಿಕೆಯ ಸದಸ್ಯರು ಸಂಜೀವ ರೆಡ್ಡಿಯವರನ್ನು ಆರಿಸಿದರು. ಅವರ ನಾಮಪತ್ರಕ್ಕೆ ಸಹಿ ಮಾಡಿದ ಪ್ರಧಾನಿ ಇಂದಿರಾ ಗಾಂಧಿಯವರೇ ಬಳಿಕ ಆತ್ಮಸಾಕ್ಷಿಯ ಮತವನ್ನು ಎತ್ತಿಹಿಡಿದರು. ಸ್ವತಂತ್ರವಾಗಿ ನಿಂತ ವಿ. ವಿ. ಗಿರಿಯವರು ಎರಡನೆಯ ಪ್ರಾಶಸ್ತ್ಯದ ಮತಗಳು ಕೂಡಿದ ಬಳಿಕ 4,20,077ಕ್ಕೆ 4,05,427 ಮತಮೌಲ್ಯದಿಂದ ಗೆದ್ದರು. ಪಕ್ಷದ ಅಧ್ಯಕ್ಷ ಪೀಠದಲ್ಲಿದ್ದವರು ಏಕೀಕರಣಕ್ಕಾಗಿ ದುಡಿದ ನಮ್ಮ ನಿಜಲಿಂಗಪ್ಪನವರು. ನವೆಂಬರಿನ ಹೊತ್ತಿಗೆ ಮನೆ ಎರಡಾಗಿತ್ತು. ಅಭ್ಯರ್ಥಿಯು ಯಾರಾಗಬೇಕೆಂದು ಪಕ್ಷದ ಸಾಮಾನ್ಯ ಸದಸ್ಯರನ್ನು ಯಾರೂ ಕೇಳಿರಲಿಲ್ಲ. ಕೆಲವರೇ ಕೂಡಿ ಗೊತ್ತುಮಾಡಿದ್ದು, ಅದನ್ನು ಕೆಲವರೇ ಮುರಿದದ್ದು. ಈ ದೃಷ್ಟಾಂತವು ನಮ್ಮ ವಾದಕ್ಕೇ ಪುಷ್ಟಿ ಕೊಡುತ್ತದೆ.

ಇನ್ನು 2022ರ ಅಕ್ಟೋಬರ್ 17. ಕಾಂಗ್ರೆಸಿನ ಅಧ್ಯಕ್ಷತೆಗೆ ಮತದಾನವಾದ ಆ ದಿನ ಒಂದು ಮತಗಟ್ಟೆಯು ಬಳ್ಳಾರಿ ಜಿಲ್ಲೆಯ ಸಂಗನಕಲ್ಲಿನಲ್ಲಿ, ಭಾರತ ಜೋಡೋ ಯಾತ್ರೆಯ ಬಿಡಾರದಲ್ಲಿಯೇ ಇದ್ದಿತು. ಕನ್ನಡಿಗರಾದ ಮಲ್ಲಿಕಾರ್ಜುನ ಖರ್ಗೆಯವರು 7,897 ಮತಗಳನ್ನೂ ಶಶಿ ತರೂರರು 1,072 ಮತಗಳನ್ನೂ ಪಡೆದರು. ಕನ್ನಡಿಗನು ಗೆದ್ದನೆಂದು ಹೆಮ್ಮೆಪಡುವುದು ಸಹಜ. ಆದರೆ ಮತದಾರರ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಿರೆಂದು ಆ ಪಕ್ಷದ ಕೆಲವು ಸಂಸದರೇ ಕೇಳಬೇಕಾಯಿತೆಂಬುದನ್ನು ಹೆಮ್ಮೆಯಲ್ಲಿ ಮರೆಯಲಾಗದು. ಎಷ್ಟೋ ಪಕ್ಷಗಳಲ್ಲಿ ಇಷ್ಟಾದರೂ ನಡೆಯುವುದಿಲ್ಲ; ಅಧ್ಯಕ್ಷನು ಅವಿರೋಧವಾಗಿ ಇಳಿದುಬರುತ್ತಾನೆ, ಅನುಯಾಯಿಯು ಹಾರ ಹಿಡಿದು ನಿಲ್ಲುತ್ತಾನೆ.

ಆದುದರಿಂದ ಯಾವ ಪಕ್ಷದವರೇ ಆಗಲಿ, ನಮ್ಮ ವಾಚಕರು ಮೂರನ್ನು ಕೇಳತಕ್ಕದ್ದು. ಮತ ಹಾಕುವವರು ಯಾರೆಂಬ ಪಟ್ಟಿಯು ಬೆಳಕಿಗೆ ಬರಲಿ. ಅಭ್ಯರ್ಥಿಯು ಕನ್ನಡ ನಾಡು, ನುಡಿ, ಗಡಿಗಳ ವಿಷಯದಲ್ಲಿ ತನ್ನ ನಿಲುವನ್ನು ಮತಕ್ಕೆ ಮುಂಚೆಯೇ ಬರೆದುಕೊಡಲಿ. ಗೆದ್ದವನಿಗೆ ಸೋತವರು ಅವಧಿ ಮುಗಿಯುವವರೆಗೆ ಕೆಲಸ ಮಾಡಗೊಡಲಿ. ಈ ಮೂರರಲ್ಲಿ ಯಾವುದೂ ಪಕ್ಷದ್ರೋಹವಲ್ಲ. ದುಡಿದವನೂ ಚಂದಾ ಕೊಟ್ಟವನೂ ಸೆರೆಮನೆ ಕಂಡವನೂ ಕೇಳಬಹುದಾದ ಕನಿಷ್ಠ ಲೆಕ್ಕವಿದು.

ಬಳ್ಳಾರಿ ಹೊಸಪೇಟೆಗಳು ನಮ್ಮಲ್ಲಿ ಉಳಿದದ್ದು ಸುಮ್ಮನಿದ್ದವರ ಪುಣ್ಯದಿಂದಲ್ಲ. ಚೋರನೂರಿನ ಮತವನ್ನು ದಿಲ್ಲಿಯು ತಾನಾಗಿ ಎಣಿಸುವುದಿಲ್ಲ. ಎಣಿಸುವವರೆಗೆ ಬಿಡದೆ ಕೇಳುವುದು ಚೋರನೂರಿನವರ ಕೆಲಸ.