ಇಳ್ಯಾಕ ಯಾಕ ಇಷ್ಟ ಹೊತ್ತು?

ಅಪ್ಪ ಕಾಲಕಾಲೇಶ್ವರನ ಮೆಟ್ಟಿಲು ಹತ್ತೋದು ಬಿಟ್ಟು ಎರಡು ವರ್ಷ ಆಯ್ತು. ಗಜೇಂದ್ರಗಡದ ಕಡೆ ಹೋದರೂ ಕೆಳಗೇ ನಿಂತು ಕೈ ಮುಗಿದು ಬರ್ತಾರೆ. ಅವರಿಗೆ ಹಾರ್ಟ್ ಫೇಲ್ಯೂರ್ ಅಂತ ಗೊತ್ತಾದ ದಿನ ಬೆಂಗಳೂರಿನಿಂದ ಫೋನ್ ಮಾಡಿ 'ಇನ್ನು ವಾಕಿಂಗೂ ಬೇಡ' ಅಂದವನು ನಾನೇ. ಫೇಲ್ಯೂರ್ ಅಂದ್ರೆ ಹೃದಯ ಇನ್ನೇನು ನಿಂತೇ ಹೋಗುತ್ತೆ ಅಂದುಕೊಂಡಿದ್ದೆ. ಹಾಗಲ್ಲ, ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡೋಕೆ ಅದಕ್ಕೆ ಆಗ್ತಿಲ್ಲ ಅಂತ.

ದೀಪಾವಳಿಗೆ ರೋಣಕ್ಕೆ ಹೋದಾಗ ನನ್ನ ಸ್ಮಾರ್ಟ್‌ವಾಚ್ ಅಪ್ಪನ ಕೈಗೆ ಕಟ್ಟಿದೆ. ಓಣಿ ತುದಿವರೆಗೆ ನಡೆದು ಬಂದು ಕಟ್ಟೆ ಮೇಲೆ ಕೂತರು. 104. ಒಂದು ನಿಮಿಷ ಬಿಟ್ಟು ನೋಡಿದ್ರೆ 98.

"ಏರೂದು ಗೊತ್ತೈತಿ ತಮ್ಮಾ, ಇಳ್ಯಾಕ ಯಾಕ ಇಷ್ಟ ಹೊತ್ತು?"

ನಾವು ದಣಿದು ನಿಂತ ಕೂಡಲೇ ಹೃದಯಕ್ಕೆ ಬ್ರೇಕ್ ಹಾಕೋದು ವೇಗಸ್ ನರ. ಮೊದಲ ನಿಮಿಷದ ಇಳಿತ ಹೆಚ್ಚಾಗಿ ಅದರದ್ದೇ ಕೆಲಸ. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ದೇಹ ಕೊರತೆ ತುಂಬೋಕೆ ಆಕ್ಸಿಲರೇಟರ್ ಒತ್ತಿಕೊಂಡೇ ಇರುತ್ತೆ, ಬ್ರೇಕ್ ಸಡಿಲ ಆಗಿರುತ್ತೆ.

ರಾತ್ರಿ ಗೂಗಲ್ ಮಾಡಿದೆ. '12 ಅಥವಾ ಅದಕ್ಕಿಂತ ಕಡಿಮೆ ಇಳಿದರೆ ಅಪಾಯ' ಅಂತಿತ್ತು. ನಿದ್ದೆ ಹತ್ತಲಿಲ್ಲ. ಬಗ್ ಬಂದ್ರೆ ಲಾಗ್ ತೆಗೆಯೋ ಚಟ, ಮೂಲ ಹುಡುಕಿದೆ. 1999ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2,428 ಜನರನ್ನು ಟ್ರೆಡ್‌ಮಿಲ್ ಹತ್ತಿಸಿ, ಸುಮಾರು 6 ವರ್ಷ ಗಮನಿಸಿ ಕೊಟ್ಟ ಅಂಕಿ ಅದು. ಆದರೆ ಹಾರ್ಟ್ ಫೇಲ್ಯೂರ್ ಇದ್ದವರನ್ನ ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ! ಅಲ್ಲಿನವರು ಕೊನೆಗೆ ನಿಧಾನ ನಡೀತಿದ್ರು, ಅಪ್ಪ ಕಟ್ಟೆ ಮೇಲೆ ಕೂತಿದ್ರು. ಮೇಲಾಗಿ ಬಡಿತ ತಗ್ಗಿಸೋ ಬೀಟಾ ಬ್ಲಾಕರ್ ಮಾತ್ರೆ ಬೇರೆ. ಹಾರ್ಟ್ ಫೇಲ್ಯೂರ್‌ನಲ್ಲೂ ನಿಧಾನ ಇಳಿತ ಒಳ್ಳೇ ಲಕ್ಷಣ ಅಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿವೆ, ನಿಜ. ಆದ್ರೆ ವಾಚಿನ ಒಂದು ಅಂಕಿ ನೋಡಿ ತೀರ್ಪು ಕೊಡೋಕೆ ಬರಲ್ಲ.

ಮರುದಿನ ಹುಬ್ಬಳ್ಳಿಯಲ್ಲಿ ಡಾಕ್ಟರ್ ಕೇಳಿದ್ದು ಬೇರೇನೇ: "ವಾಕಿಂಗ್ ಬಿಡ್ಸಿದ್ದು ಯಾರ್ರೀ?" ನಾನು ನೆಲ ನೋಡಿದೆ. ಸ್ಥಿತಿ ಸ್ಥಿರವಾಗಿದ್ದಾಗ ಅಳತೆ ಮೀರದ ವ್ಯಾಯಾಮದಿಂದ ಆ ಬ್ರೇಕ್ ಸುಧಾರಿಸಬಹುದಂತೆ. ಪರೀಕ್ಷೆ ಮಾಡಿ, ದಿನಾ ಹತ್ತು ನಿಮಿಷ, ಮಾತಾಡ್ತಾ ನಡೆಯೋವಷ್ಟು ವೇಗ ಅಂತ ಬರೆದುಕೊಟ್ರು. ಕಾಲು ಬಾತರೆ, ತೂಕ ದಿಢೀರ್ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ಬರಬೇಕು.

ಈಗ ಸಂಜೆ ಏಳಕ್ಕೆ ಅಪ್ಪನ ಫೋನ್ ಬರುತ್ತೆ. ನಿನ್ನೆ 9 ಇಳೀತಂತೆ.

"ಶ್ರಾವಣಕ್ಕ ಗುಡ್ಡ ಹತ್ತೂಣು?"

"ಡಾಕ್ಟರ್‌ನ ಕೇಳೂಣಪ್ಪಾ."

"ನೀ ಕೇಳಬ್ಯಾಡ, ನಾನ ಕೇಳ್ತೀನಿ."